ಬ್ಯಾಟರಿಯ ಉಸಿರು, ಅಕ್ಕನ ಕಿವಿ

ಮಾರ್ಚ್ 3, ಸೋಮವಾರ

ಮಹನೀಯರೇ, ಮಹಿಳೆಯರೇ, ಹಿಂದಿನ ಬೆಂಚಿನಲ್ಲಿ ಕೂತು ಈಗಾಗಲೇ ಬಾಗಿಲ ಕಡೆ ನೋಡುತ್ತಿರುವ ರಸಿಕರೇ,

ಇನ್ನೂರು ಪುಟದ ಈ ಗೆರೆ ನೋಟುಬುಕ್ಕಿನ ಮುಂದೆ ನೆರೆದಿರುವ ತಮಗೆಲ್ಲ ನಮಸ್ಕಾರ. ಇಂದು ಬೆಳಿಗ್ಗೆ ಹನ್ನೊಂದೂಕಾಲಕ್ಕೆ ನಮ್ಮ ಗೋದಾಮಿನ ಮ್ಯಾನೇಜರು ನನ್ನನ್ನು ಕರೆದು, ದಾಸ್ತಾನು ಗುಮಾಸ್ತನ ಕೆಲಸದ ಜೊತೆಗೆ ಸುರಕ್ಷತೆಯ ಜವಾಬ್ದಾರಿಯೂ ಇನ್ನು ನನ್ನದೇ ಎಂದು ಘೋಷಿಸಿದರು. ಸಂಬಳ ಇದ್ದಷ್ಟೇ, ಸಂಕಟ ಮಾತ್ರ ಬೆಳೆದಷ್ಟೇ. ಈ ಪಟ್ಟ ನನಗೇ ಯಾಕೆ ಎಂದರೆ, ಪ್ರಾಸ ಹಾಕಿ ಬೋರ್ಡು ಬರೆಯಬಲ್ಲ ಪದವೀಧರ ಇಡೀ ಗೋದಾಮಿನಲ್ಲಿ ನಾನೊಬ್ಬನೇ. ‘ಎಡವಿದರೆ ಪೆಟ್ಟು, ನಡೆಯಿರಿ ಗಮನವಿಟ್ಟು’ ಎಂದು ಮೆಟ್ಟಿಲ ಬಳಿ ತೂಗಾಡುತ್ತಿರುವ ಮಹಾಕಾವ್ಯ ನನ್ನದು. ಅದನ್ನು ಓದುತ್ತಾ ಇಬ್ಬರು ಎಡವಿದ್ದಾರೆ.

ಮೊದಲ ಕೆಲಸ ಬ್ಯಾಟರಿ ಕೋಣೆ. ಮುಂದಿನ ತಿಂಗಳು ತಪಾಸಣೆಯವರು ಬರುತ್ತಾರೆ. ಅಷ್ಟರಲ್ಲಿ ಆ ಕೋಣೆಯಲ್ಲಿ ಗಾಳಿ ಸರಿಯಾಗಿ ಆಡುತ್ತಿದೆ ಎಂದು ಅಳೆದು, ಬರೆದು ತೋರಿಸಬೇಕು. ದಿನವಹಿ ಪುಸ್ತಕವನ್ನು ನಾನು ವರ್ಷಗಳಿಂದ ಬರೆಯುತ್ತಲೇ ಇದ್ದೇನೆ: ‘ಬ್ಯಾಟರಿ ಹನ್ನೆರಡು, ಫ್ಯಾನ್ ಚಾಲೂ, ಸಹಿ.’ ಇನ್ನು ಮೇಲೆ ಅಳತೆಯೂ ಬೇಕಂತೆ.

ಕೋಣೆಯ ಒಡತಿ ನನ್ನ ಅಕ್ಕ. ಊರಿಗೆಲ್ಲ ಆಕೆ ಬ್ಯಾಟರಿ ಅಕ್ಕ, ನನಗೆ ಒಡಹುಟ್ಟಿದ ಅಕ್ಕ, ನನಗಿಂತ ಹನ್ನೆರಡು ವರ್ಷಕ್ಕೆ ದೊಡ್ಡವಳು. ಸರಕು ಎತ್ತುವ ಗಾಡಿಗಳು ಬೆಳಗಿನಿಂದ ಓಡಿ ಸುಸ್ತಾಗಿ ಹನ್ನೆರಡಕ್ಕೆ ಬಂದು ನಿಂತರೆ, ಅವುಗಳ ಹೊಟ್ಟೆಯ ಬ್ಯಾಟರಿ ಇಳಿಸಿ, ಸಾಲಾಗಿ ಕಟ್ಟಿ, ಕರೆಂಟು ಉಣಿಸಿ, ಮರುದಿನಕ್ಕೆ ಸಿದ್ಧ ಮಾಡುವವಳು ಅವಳು. ಇಪ್ಪತ್ತಾರು ವರ್ಷಗಳಿಂದ. ಆ ಬ್ಯಾಟರಿಗಳಿಗೆ ಅವಳಿಟ್ಟ ಹೆಸರು ‘ಎಮ್ಮೆಗಳು’. ಒಂದೊಂದರ ತೂಕವೂ ಹಾಗೇ ಇದೆ.

“ಏನೋ, ನನ್ನ ಮೇಲೆ ಸಾಹೇಬ ಆಗಿ ಬಂದ್ಯಂತೆ?” ಎಂದಳು.

“ಸಾಹೇಬ ಅಲ್ಲ ಅಕ್ಕ, ಸೇವಕ.”

“ಹಾಗಾದ್ರೆ ಆ ನೀರಿನ ಕ್ಯಾನು ಈಚೆ ಎತ್ತಿಡು.”

ಎತ್ತಿಟ್ಟೆ. ಸಭೆ ಮುಗಿಯಿತು.

ಮಾರ್ಚ್ 5, ಬುಧವಾರ

ಗ್ಯಾಸು ಪತ್ತೆಹಚ್ಚುವ ಮೀಟರು ಬಂತು. ಅಂಗೈಯಗಲದ ಪೆಟ್ಟಿಗೆ, ಹೊಟ್ಟೆಯಲ್ಲಿ ಸೊನ್ನೆ, ತಲೆಯಲ್ಲಿ ಸೈರನ್. ಬ್ಯಾಟರಿ ತುಂಬುತ್ತಾ ಬಂದಂತೆ ಒಳಗಿನ ನೀರು ಒಡೆದು ಗ್ಯಾಸು ಹೊರಡುತ್ತದೆ. ಶಾಲೆಯಲ್ಲಿ ನಾನು ಕಲಿತ ಹೆಸರು ಜಲಜನಕ. ನಮ್ಮ ಎಲೆಕ್ಟ್ರಿಷಿಯನ್ ಹೈಡ್ರೋಜನ್ ಅನ್ನುತ್ತಾನೆ. ಅಕ್ಕ ಬರೀ ‘ಉಸಿರು’ ಅನ್ನುತ್ತಾಳೆ. ನೂರು ಪಾಲು ಗಾಳಿಯಲ್ಲಿ ಆ ಉಸಿರು ನಾಲ್ಕು ಪಾಲು ಸೇರಿದರೆ ಕೋಣೆ ಮದ್ದಿನ ಮನೆಯಾಗುತ್ತದೆ, ಒಂದು ಕಿಡಿ ಸಾಕು. ಒಂದು ಪಾಲಿಗೇ ಮೀಟರು ಕಿರುಚಬೇಕು ಎಂದು ನಿಯಮ.

ಬಾಗಿಲ ಪಕ್ಕದ ಗೋಡೆಗೆ, ನನ್ನ ಎದೆಯ ಎತ್ತರಕ್ಕೆ, ಮೊಳೆ ಹೊಡೆದು ಅದನ್ನು ತೂಗುಹಾಕಿದೆ. ಕನ್ನಡಕ ಇಲ್ಲದೆಯೂ ಅಂಕಿ ಕಾಣುವಂಥ ಸೊಗಸಾದ ಜಾಗ.

ಅಕ್ಕ ಮೀಟರನ್ನು ನೋಡಿ ಮೂಗು ಮುರಿದಳು. ಅವಳಿಗೆ ಯಂತ್ರ ಬೇಡ. ಬ್ಯಾಟರಿ ತುಂಬಿತೋ ಇಲ್ಲವೋ ಎಂದು ಅವಳು ಕಿವಿಯಿಂದಲೇ ಹೇಳುತ್ತಾಳೆ. ತುಂಬುವಾಗ ಒಳಗೆ ಗುಳುಗುಳು ಕುದಿ ಏಳುತ್ತದಲ್ಲ, ಅದರ ಮೇಲೆ ಅವಳ ಲೆಕ್ಕ. ನೀರಿನ ಸಾಂದ್ರತೆ ಅಳೆಯುವ ಗಾಜಿನ ಕೊಳವೆ ಕಪಾಟಿನಲ್ಲಿ ಧೂಳು ತಿನ್ನುತ್ತಿದೆ.

“ಹೊಟ್ಟೆ ತುಂಬಿದ ಎಮ್ಮೆ ಮೆಲುಕು ಹಾಕುತ್ತೆ ಕಣೋ. ಅದನ್ನ ನೋಡೋಕೆ ಎಮ್ಮೆ ಬಾಯಿಗೆ ಗಾಜಿನ ಕೊಳವೆ ಇಡ್ತಾರೇನೋ ಯಾರಾದ್ರೂ?”

“ಏಳನೇದು ಎಷ್ಟೊತ್ತಿಗೆ ಮುಗಿಯುತ್ತೆ ಅಕ್ಕ?” ಎಂದು ಕಪಾಟಿನ ಹತ್ತಿರದಿಂದ ಕೇಳಿದೆ.

“ನಂದಾಯ್ತು. ನೀನು ಊಟ ಮಾಡ್ಕೊಂಡು ಬಾ ಹೋಗು,” ಎಂದಳು.

ಅಕ್ಕನಿಗೆ ನನ್ನ ಹೊಟ್ಟೆಯದೇ ಚಿಂತೆ. ಮೊದಲಿನಿಂದಲೂ ಹಾಗೇ.

ಮಾರ್ಚ್ 6, ಗುರುವಾರ

ಅಳತೆ: ಸೊನ್ನೆ. ಬೋರ್ಡಿಗೆ ಹೊಸ ಪ್ರಾಸ: ‘ಗಾಳಿ ಆಡಲಿ, ಗ್ಯಾಸು ಓಡಲಿ.’ ಸಭಿಕರ ಚಪ್ಪಾಳೆಯನ್ನು ನಾನೇ ತಟ್ಟಿಕೊಂಡೆ.

ಮಾರ್ಚ್ 14, ಶುಕ್ರವಾರ

ಎಂಟು ದಿನವೂ ಸೊನ್ನೆ. ಸೊನ್ನೆಗಳ ಆ ಹಾರವನ್ನು ಇಂದು ಎಲೆಕ್ಟ್ರಿಷಿಯನ್‌ಗೆ ಹೆಮ್ಮೆಯಿಂದ ತೋರಿಸಿದೆ. ಅವನನ್ನು ಎಲ್ಲರೂ ಫ್ಯೂಸು ಅನ್ನುತ್ತಾರೆ, ಬೇಗ ಹೊತ್ತಿಕೊಂಡು ಬೇಗ ಆರುವ ಸ್ವಭಾವಕ್ಕೆ. ಪುಸ್ತಕ ನೋಡಿದ, ಗೋಡೆಯ ಮೀಟರು ನೋಡಿದ, ನನ್ನನ್ನು ನೋಡಿದ.

“ಕವಿಗಳೇ, ಇದನ್ನ ಇಲ್ಲಿ ಯಾಕೆ ಹಾಕಿದ್ರಿ?”

“ಓದೋಕೆ ಅನುಕೂಲ.”

“ಹಕ್ಕಿ ಹಿಡಿಯೋಕೆ ಬಾವಿಗೆ ಬಲೆ ಹಾಕಿದ್ದೀರಲ್ಲ ಮಾರಾಯ್ರೇ! ಆ ಗ್ಯಾಸು ಗಾಳಿಗಿಂತ ಹಗುರ. ಹುಟ್ಟಿದ ತಕ್ಷಣ ಸೂರಿಗೆ ಹೋಗಿ ಕೂರುತ್ತೆ. ನಿಮ್ಮ ಎದೆ ಮುಂದೆ ಬಂದು ಕೈ ಕಟ್ಟಿ ನಿಲ್ಲುತ್ತಾ?”

ಏಣಿ ತಂದ. ಮಧ್ಯಾಹ್ನ ಮೂರೂಕಾಲು. ಮೀಟರನ್ನು ಹಿಡಿದು ಮೇಲಿನ ತೊಲೆಯ ಸಂದಿಗೆ ಕೈ ಚಾಚಿದನೋ ಇಲ್ಲವೋ, ಅದು ಬಾಲ ತುಳಿದ ಬೆಕ್ಕಿನಂತೆ ಕಿರುಚಿತು. ಒಂದೂವರೆ ಪಾಲು! ಫ್ಯೂಸು ಏಣಿಯಿಂದ ಹೇಗೆ ಇಳಿದ ಎಂದು ಅವನಿಗೂ ಗೊತ್ತಿಲ್ಲ. ಪಕ್ಕದ ವಿಭಾಗದವರೆಲ್ಲ ಓಡಿಬಂದರು.

ಅಕ್ಕ ಅತ್ತಲ ಮೂಲೆಯಲ್ಲಿ ಮುಚ್ಚಳ ಒರೆಸುತ್ತಿದ್ದಳು, ತಿರುಗಿ ಕೂಡ ನೋಡಲಿಲ್ಲ. ಕೆಲಸದಲ್ಲಿ ಅವಳ ತನ್ಮಯತೆ ಅಂಥದ್ದು.

ಮ್ಯಾನೇಜರು ಮುಖ ಗಂಟು ಹಾಕಿಕೊಂಡು ಬಂದರು. “ಕಾರಣ ಹುಡುಕಿ. ಯಂತ್ರದ ತಪ್ಪಾದ್ರೆ ಯಂತ್ರ ಬದಲಾಯಿಸ್ತೀನಿ. ಮನುಷ್ಯರ ತಪ್ಪಾದ್ರೆ ಮನುಷ್ಯರನ್ನ ಬದಲಾಯಿಸ್ತೀನಿ. ಲೇಬಲ್ ಅಂಟಿಸೋ ಕಡೆ ಬೇಕಾದಷ್ಟು ಕುರ್ಚಿ ಖಾಲಿ ಇವೆ.”

ಅಕ್ಕನಿಗೆ ನಿವೃತ್ತಿಗೆ ಇನ್ನೆರಡು ವರ್ಷ. ಇಪ್ಪತ್ತಾರು ವರ್ಷ ಎಮ್ಮೆ ಮೇಯಿಸಿದವಳನ್ನು ಲೇಬಲ್ ಅಂಟಿಸಲು ಕೂರಿಸಿದರೆ ಅವಳು ಆ ಲೇಬಲನ್ನು ಮ್ಯಾನೇಜರ ಹಣೆಗೇ ಅಂಟಿಸಿ ಮನೆಗೆ ಹೋಗುತ್ತಾಳೆ. ಹೋಗಿ ಮಾಡುವುದೇನು? ಆದ್ದರಿಂದ ಯಂತ್ರದ ತಪ್ಪನ್ನೇ ಹುಡುಕುವುದು ಎಂದು ನಿರ್ಧರಿಸಿದ್ದೇನೆ.

ಇಂದಿನ ಪ್ರಾಸ, ಸೋಲಿನಲ್ಲಿ ಹುಟ್ಟಿದ್ದು: ‘ಹಗುರವಾದದ್ದು ಏರುತ್ತದೆ, ಏರಿದ್ದು ಸೇರುತ್ತದೆ, ಸೇರಿದ್ದು ಹಾರಿಸುತ್ತದೆ.’

ಮಾರ್ಚ್ 15, ಶನಿವಾರ

ಯಂತ್ರದ ತಪ್ಪು ಸಿಕ್ಕಿತು! ಗೋಡೆಯ ಬುಡದಲ್ಲಿ ಗಾಳಿ ಒಳಬರಲೆಂದು ನಾಲ್ಕು ಜಾಲರಿ ಕಿಂಡಿಗಳಿವೆ. ಮೂರಕ್ಕೆ ಖಾಲಿ ರಟ್ಟಿನ ಪೆಟ್ಟಿಗೆ ಒರಗಿಸಿದ್ದಾರೆ. ಒಳಗೆ ಬರಲು ದಾರಿಯಿಲ್ಲದಿದ್ದರೆ ಮೇಲಿನ ಫ್ಯಾನು ಏನನ್ನು ಹೊರಗೆ ತಳ್ಳೀತು? ತೆಗೆಸಿದೆ. ಹಳೆಯ ಲೆಡ್ಜರಿನ ತೆಳು ಹಾಳೆ ಸೀಳಿ ಒಂದೊಂದು ಕಿಂಡಿಗೂ ಒಂದೊಂದು ಪಟ್ಟಿ ಅಂಟಿಸಿದೆ. ಫ್ಯಾನು ತಿರುಗಿದ ಕೂಡಲೇ ನಾಲ್ಕೂ ಪಟ್ಟಿಗಳು ಒಳಮುಖವಾಗಿ ಬಾಗಿ ಕೈಮುಗಿದವು. ಮೀಟರು ಈಗ ತೊಲೆಯ ಮೇಲಿದೆ, ಓದಲು ನಾನೇ ಏಣಿ ಹತ್ತುತ್ತೇನೆ. ಒಂದು ಗಂಟೆಗೆ ಕಾಲು ಪಾಲಿಗಿಂತ ಕಡಿಮೆ, ಎರಡಕ್ಕೆ ಕಾಲು ಪಾಲು.

ಮೂರಕ್ಕೆ ಮತ್ತೆ ಏರಿತ್ತು, ಒಂದರ ಹತ್ತಿರ. ಪಟ್ಟಿಗಳು ನೇರ ಜೋತುಬಿದ್ದಿದ್ದವು. ಯಾಕೆಂದು ತಿಳಿಯಲಿಲ್ಲ.

ಮಾರ್ಚ್ 16, ಭಾನುವಾರ

ಹೆಂಡತಿಯೂ ನಾನೂ ಅಕ್ಕನ ಮನೆಗೆ ಹೋಗಿದ್ದೆವು. ಬಾಗಿಲು ಎಂಟು ಸಲ ಬಡಿದ ಮೇಲೆ ತೆಗೆದಳು. ಟೀವಿಯಲ್ಲಿ ವಾರ್ತೆ ಓದುವವನು ಬೀದಿಗೆಲ್ಲ ಕೇಳುವಂತೆ ಓದುತ್ತಿದ್ದ. ಒಲೆಯ ಮೇಲೆ ಹಾಲು ಉಕ್ಕಿ ಚರ್ ಅಂದಿತು. ಅಕ್ಕ ಒಲೆಗೆ ಬೆನ್ನು ಹಾಕಿ ನಿಂತು ನನ್ನ ಹೆಂಡತಿಗೆ ಸೀರೆ ತೋರಿಸುತ್ತಲೇ ಇದ್ದಳು. ವಾಸನೆ ಬಂದ ಮೇಲೆ, “ಅಯ್ಯೋ, ನನ್ನ ಮರೆವೇ!” ಎಂದಳು.

ದಾರಿಯಲ್ಲಿ ಹೆಂಡತಿ ಶುರು ಮಾಡಿದಳು: “ರೀ, ನಿಮ್ಮಕ್ಕನಿಗೆ ಕಿವಿ...”

“ಬಸ್ಸು ಬಂತು, ಹತ್ತು.”

“ಎಲ್ರೀ ಬಸ್ಸು?”

ಬಸ್ಸು ಬರಲು ಇನ್ನೂ ಇಪ್ಪತ್ತು ನಿಮಿಷ ಇತ್ತು.

ನೆನಪಿಗೆ ಬಂದದ್ದು ಒಂದು ಭಾಷಣ ಸ್ಪರ್ಧೆ. ಕಾಲೇಜಿನ ಎರಡನೇ ವರ್ಷ. ನನ್ನ ಹೆಸರು ಕರೆಯುವ ಹೊತ್ತಿಗೆ ಸಭಾಂಗಣದಲ್ಲಿ ಉಳಿದವರು ಮೂರು ತೀರ್ಪುಗಾರರು, ಕುರ್ಚಿ ಮಡಚುವವರಿಬ್ಬರು, ಮತ್ತು ಕೆಲಸದ ಬಟ್ಟೆಯಲ್ಲೇ ಓಡಿಬಂದು ಹಿಂದಿನ ಬೆಂಚಿನಲ್ಲಿ ಕೂತ ಅಕ್ಕ. ಅಪ್ಪ, ಅಮ್ಮ ಹೋದ ಮೇಲೆ ನನ್ನ ಫೀಸು ಕಟ್ಟುತ್ತಿದ್ದವಳು ಅವಳೇ, ಕೇಳಿಸಿಕೊಳ್ಳುತ್ತಿದ್ದವಳೂ ಅವಳೇ. ಹೆದರಿಕೆಗೆ ನನ್ನ ಮಾತು ಬ್ರೇಕು ತಪ್ಪಿದ ಗಾಡಿಯ ಹಾಗೆ ಓಡತೊಡಗಿತು. ಅಕ್ಕ ಎದ್ದುನಿಂತು ಎರಡೂ ಅಂಗೈಗಳನ್ನು ಕೆಳಮುಖ ಮಾಡಿ ಗಾಳಿಯನ್ನು ಮೆತ್ತಗೆ ಒತ್ತಿದಳು: ಮೆಲ್ಲಗೆ, ಮೆಲ್ಲಗೆ. ನಿಧಾನಿಸಿದೆ. ಮೂರನೇ ಬಹುಮಾನ ಬಂತು. ಸ್ಪರ್ಧಿಗಳು ಮೂವರೇ ಇದ್ದದ್ದು ಎಂಬುದನ್ನು ಅಕ್ಕ ಇವತ್ತಿಗೂ ಯಾರಿಗೂ ಹೇಳಿಲ್ಲ.

ಮಾರ್ಚ್ 20, ಗುರುವಾರ

ಮೂರು ಗಂಟೆಯ ಗುಟ್ಟು ಬಯಲಾಯಿತು. ಬಾಗಿಲು ಒಳಗಿನಿಂದ ಮುಚ್ಚಿತ್ತು, ಚಿಲಕ ಹಾಕಿರಲಿಲ್ಲ. ತಳ್ಳಿ ನೋಡಿದರೆ ಫ್ಯಾನು ನಿಂತಿದೆ, ಅಕ್ಕ ಏಳನೇ ಬ್ಯಾಟರಿಯ ಮೇಲೆ ಕಿವಿ ಬಗ್ಗಿಸಿ, ಕಣ್ಣು ಮುಚ್ಚಿ ನಿಂತಿದ್ದಾಳೆ, ಮಗುವಿನ ಎದೆಬಡಿತ ಕೇಳುವ ಡಾಕ್ಟರಂತೆ. ಅವಳು ಕಣ್ಣು ಬಿಡುವವರೆಗೆ ಕಾದೆ.

“ಅಕ್ಕ, ಫ್ಯಾನು?”

ಅವಳು ನನ್ನ ತುಟಿಯನ್ನೇ ನೋಡಿದಳು. “ಆ ದರಿದ್ರದ್ದು ಭರ್ರೋ ಅಂತ ಬಡ್ಕೊಳ್ಳುತ್ತೆ. ಎಮ್ಮೆ ಏನು ಹೇಳ್ತಿದೆ ಅಂತ ಕೇಳಿಸೋದು ಬೇಡ್ವಾ? ಎರಡು ನಿಮಿಷ ಆರಿಸ್ತೀನಿ, ಅಷ್ಟೇ.”

“ಮೊದಲಿಂದಲೂ ಹೀಗೇನಾ?”

“ಮೊದಲಿಂದಲೂ. ಮುಂಚೆ ಬಾಗಿಲು ಹಾಕ್ತಿರಲಿಲ್ಲ. ಈಗ ಹೊರಗಿನ ಗಲಾಟೆ ಹೆಚ್ಚಾಗಿದೆ.”

ಹೊರಗೆ ಗಲಾಟೆಯೇನೂ ಇರಲಿಲ್ಲ.

ಫ್ಯಾನು ಹಾಕಿಸಿದೆ. ಗ್ಯಾಸು ಅತಿ ಹೆಚ್ಚು ಹೊರಡುವುದು ಬ್ಯಾಟರಿ ತುಂಬುವ ಕೊನೆಯ ಹೊತ್ತಿನಲ್ಲೇ, ಅವಳು ಫ್ಯಾನು ಆರಿಸುವುದೂ ಅದೇ ಹೊತ್ತಿನಲ್ಲಿ ಎಂದು ವಿವರಿಸಿದೆ. ತಲೆಯಾಡಿಸಿದಳು. ಗಾಜಿನ ಕೊಳವೆಯನ್ನು ತೊಳೆದು ಅವಳ ಮೇಜಿನ ಮೇಲಿಟ್ಟೆ. ಅದಕ್ಕೂ ತಲೆಯಾಡಿಸಿದಳು. ಅಕ್ಕ ಎರಡು ಸಲ ತಲೆಯಾಡಿಸಿದರೆ ಒಂದನ್ನೂ ಒಪ್ಪಿಲ್ಲ ಎಂದೇ ಅರ್ಥ.

ಮ್ಯಾನೇಜರಿಗೆ ‘ಕಿಂಡಿ ಮುಚ್ಚಿತ್ತು, ತೆರೆಸಲಾಗಿದೆ’ ಎಂದು ಬರೆದುಕೊಟ್ಟೆ. ಸುಳ್ಳಲ್ಲ. ಎರಡು ನಿಮಿಷಕ್ಕೆ ಯಾರ ಮನೆ ಮುಳುಗುತ್ತದೆ?

ಮಾರ್ಚ್ 25, ಮಂಗಳವಾರ

ಮೂರು ಗಂಟೆಗೆ ಅಳತೆ ತೆಗೆಯಲು ಹೋಗಲಿಲ್ಲ. ದಾಸ್ತಾನಿನ ಕೆಲಸ ಇತ್ತು. ಪ್ರಾಸ ಯಾವುದೂ ಹೊಳೆಯಲಿಲ್ಲ.

ಮಾರ್ಚ್ 27, ಗುರುವಾರ

ಅಕ್ಷರ ಕೆಟ್ಟರೆ ಸಭೆ ಕ್ಷಮಿಸಬೇಕು.

ಮೂರೂ ಇಪ್ಪತ್ತಕ್ಕೆ ಸೈರನ್ ಕೂಗಿತು. ನಾನೂ ಫ್ಯೂಸೂ ಒಟ್ಟಿಗೆ ಓಡಿದೆವು. ಉಳಿದವರು ಆಗಲೇ ಹೊರಗೆ ಅಂಗಳಕ್ಕೆ ಓಡುತ್ತಿದ್ದರು. ಬಾಗಿಲು ಮುಚ್ಚಿತ್ತು. ತೆರೆದರೆ ಫ್ಯಾನು ನಿಂತಿದೆ, ಕಿಂಡಿಯ ಪಟ್ಟಿಗಳು ಜೋತುಬಿದ್ದಿವೆ, ತಲೆಯ ಮೇಲೆ ಆ ಪೆಟ್ಟಿಗೆ ಕಿವಿ ಹರಿಯುವಂತೆ ಕೂಗುತ್ತಿದೆ. ಅದರ ಕೆಳಗೆ ಅಕ್ಕ ನಮಗೆ ಬೆನ್ನು ಹಾಕಿಕೊಂಡು ಶಾಂತವಾಗಿ ಏಳನೇ ಬ್ಯಾಟರಿಯ ಕ್ಲಿಪ್ಪಿಗೆ ಕೈಯಿಟ್ಟು ನಿಂತಿದ್ದಾಳೆ.

ಏಳನೇ ಚಾರ್ಜರಿನ ಕೆಂಪು ದೀಪ ಕೆಟ್ಟು ಒಂದು ವರ್ಷವಾಗಿದೆ. ಅದು ಉರಿಯದಿದ್ದರೂ ಚಾರ್ಜರು ಗುಂಯ್ ಎನ್ನುತ್ತಲೇ ಇತ್ತು, ಕರೆಂಟು ಹರಿಯುತ್ತಲೇ ಇತ್ತು. ಹರಿಯುವ ಕರೆಂಟಿನಲ್ಲಿ ಕ್ಲಿಪ್ಪು ಕಿತ್ತರೆ ಕಿಡಿ ಹಾರದೆ ಇರುವುದಿಲ್ಲ. ಮೇಲೆ ಸೂರಿನ ತುಂಬ ಹನ್ನೆರಡು ಎಮ್ಮೆಗಳ ಉಸಿರು.

ಫ್ಯೂಸು ಗೋಡೆಯ ಸ್ವಿಚ್ಚಿನ ಕಡೆ ನುಗ್ಗಿದ. ಕೈ ಹಿಡಿದೆ. ಒಳಗಿನ ಸ್ವಿಚ್ಚು ಒತ್ತಿದರೂ ಕಿಡಿಯೇ. “ಹೊರಗಿನ ಮೇನ್ ತೆಗಿ, ಓಡು!” ಎಂದೆ. ಅದು ಗೋದಾಮಿನ ಆ ತುದಿಯಲ್ಲಿದೆ. ಓಡಿದ.

ಹಿಂದಿನಿಂದ ಹೋಗಿ ಹೆಗಲು ಮುಟ್ಟಿದರೆ ಬೆಚ್ಚಿಬೀಳುತ್ತಾಳೆ. ಬೆಚ್ಚಿದರೆ ಕೈ ಎಳೆಯುತ್ತಾಳೆ. ಕೈಯಲ್ಲಿ ಕ್ಲಿಪ್ಪಿದೆ. ಬಾಗಿಲ ಎರಡೂ ರೆಕ್ಕೆ ಅಗಲ ತೆರೆದಿಟ್ಟು, ಗೋಡೆಯನ್ನು ಸವರಿಕೊಂಡು ಒಂದು, ಎರಡು, ಮೂರನೇ ಬ್ಯಾಟರಿ ದಾಟಿ, ಸಾಲಿನ ಕೊನೆ ಸುತ್ತಿ ಅವಳ ಎದುರಿಗೆ ಬಂದೆ. ಇಪ್ಪತ್ತು ಹೆಜ್ಜೆ ಇರಬಹುದು. ನಲವತ್ತಾರು ವರ್ಷದಲ್ಲಿ ಅಷ್ಟು ಉದ್ದದ ದಾರಿ ನಡೆದಿಲ್ಲ.

ತಲೆ ಎತ್ತಿದಳು. ನಕ್ಕಳು! “ಏನೋ, ಇಷ್ಟೊತ್ತಿಗೆ ಬಂದೆ?”

ನಾನು ಎರಡೂ ಅಂಗೈಗಳನ್ನು ಕೆಳಮುಖ ಮಾಡಿ ಗಾಳಿಯನ್ನು ಒತ್ತಿದೆ. ಮೆಲ್ಲಗೆ. ಮೆಲ್ಲಗೆ.

ಅಕ್ಕನ ನಗು ನಿಂತಿತು. ನನ್ನ ಮುಖ ನೋಡಿದಳು, ತೊಲೆಯ ಮೇಲೆ ಮಿನುಗುತ್ತಿದ್ದ ಮೀಟರಿನ ಪುಟ್ಟ ದೀಪ ನೋಡಿದಳು. ಕ್ಲಿಪ್ಪಿನಿಂದ ಒಂದೊಂದೇ ಬೆರಳು ಬಿಡಿಸಿ, ಕೈಯನ್ನು ಮಲಗಿದ ಕೂಸಿನ ಪಕ್ಕದಿಂದ ತೆಗೆಯುವಂತೆ ತೆಗೆದಳು. ಅವಳ ಮಣಿಕಟ್ಟು ಹಿಡಿದುಕೊಂಡೆ. ಅಷ್ಟರಲ್ಲಿ ಹನ್ನೆರಡು ಚಾರ್ಜರುಗಳ ಗುಂಯ್ ಸದ್ದು ಒಟ್ಟಿಗೆ ಅಡಗಿತು. ಫ್ಯೂಸು ತಲುಪಿದ್ದ.

ಅಂಗಳದ ಕಲ್ಲಿನ ಮೇಲೆ ಕೂರಿಸಿ ನೀರು ಕೊಟ್ಟೆ. ಒಂದು ಗಂಟೆ ಯಾರನ್ನೂ ಒಳಗೆ ಬಿಡಲಿಲ್ಲ.

“ಕುದಿಯೂ ಕೇಳಿಸ್ಲಿಲ್ಲ, ಚಾರ್ಜರೂ ಕೇಳಿಸ್ಲಿಲ್ಲ,” ಎಂದಳು ನೀರಿನ ಲೋಟ ಕೆಳಗಿಟ್ಟು. “ಯಾರೋ ಆರಿಸಿರಬೇಕು ಅಂದ್ಕೊಂಡೆ. ಸೈರನ್ ಕೂಗ್ತಿತ್ತೇನೋ?”

“ಸ್ವಲ್ಪ,” ಎಂದೆ.

ಮಾರ್ಚ್ 29, ಶನಿವಾರ

ವಿಚಾರಣೆ. ಮ್ಯಾನೇಜರ ಕೋಣೆಯಲ್ಲಿ ನಾನು, ಫ್ಯೂಸು, ಅಕ್ಕ. ನಾನು ನಾಲ್ಕು ಪುಟದ ವರದಿ ಬರೆದುಕೊಂಡು ಹೋಗಿದ್ದೆ: ಕೆಟ್ಟ ದೀಪ, ಒಳಗಿರುವ ಸ್ವಿಚ್ಚು, ತೊಲೆಯ ಸಂದಿ. ಎರಡನೇ ಪುಟದಲ್ಲಿದ್ದಾಗ ಅಕ್ಕ ಎದ್ದುನಿಂತಳು.

“ಸಾರ್, ಅವನು ಇನ್ನೂ ಓದ್ತಾನೇ ಇರ್ತಾನೆ. ಫ್ಯಾನು ಆರಿಸಿದ್ದು ನಾನು. ನನಗೆ ಕಿವಿ ಕೇಳಿಸೋದು ಕಮ್ಮಿಯಾಗಿದೆ. ಯಾರಿಗೂ ಹೇಳಿರಲಿಲ್ಲ. ಅಷ್ಟೇ.”

ನಾಲ್ಕು ಪುಟ ನನ್ನ ಕೈಯಲ್ಲಿ ಬೀಸಣಿಗೆಯಾಯಿತು.

ಮ್ಯಾನೇಜರು ಕನ್ನಡಕ ತೆಗೆದು ಒರೆಸಿದರು. “ನೋಡಮ್ಮಾ, ನಿಮ್ಮ ಮೇಲೆ ನನಗೆ ಗೌರವ ಇದೆ. ಆದ್ರೆ ಇನ್ನು ಲೇಬಲ್ ಕಡೆಗೇ...”

“ಸಾರ್,” ಎಂದೆ. ನನ್ನ ದನಿ ನನಗೇ ಹೊಸದಾಗಿ ಕೇಳಿತು. “ಒಬ್ಬರ ಕಿವಿಯ ಮೇಲೆ ನಿಂತಿರೋ ಕೋಣೆ ಯಾರ ಕೈಲಿದ್ರೂ ಅಪಾಯವೇ. ನಾಳೆ ಅಲ್ಲಿಗೆ ಇಪ್ಪತ್ತು ವರ್ಷದವರನ್ನ ಹಾಕಿ. ಫ್ಯಾನು ತಿರುಗ್ತಾ ಇದ್ರೆ ಅವರಿಗೂ ಚಾರ್ಜರು ಕೇಳಿಸಲ್ಲ. ಫ್ಯಾನು ನಿಂತ್ರೆ ಚಾರ್ಜರೂ ತಾನಾಗೇ ನಿಲ್ಲೋ ಹಾಗೆ ತಂತಿ ಜೋಡಿಸಬೇಕು. ಸ್ವಿಚ್ಚು ಹೊರಗೆ ಬರಬೇಕು. ಸೈರನ್ ಜೊತೆ ನಾಲ್ಕೂ ಗೋಡೆಗೆ ಕೆಂಪು ದೀಪ ಬೇಕು. ಬ್ಯಾಟರಿ ತುಂಬಿದ್ದನ್ನ ಕೊಳವೆ ಇಟ್ಟು ಅಳೀಬೇಕು, ಬರೀಬೇಕು. ಇಷ್ಟು ಮಾಡಿದ ಮೇಲೆ, ಹನ್ನೆರಡು ಬ್ಯಾಟರಿಯ ಒಂದೊಂದರ ಚಾಳಿ ಗೊತ್ತಿರೋರು ನಮ್ಮಲ್ಲಿ ಇನ್ಯಾರಿದ್ದಾರೆ ಹೇಳಿ?”

ಪ್ರಾಸ ಒಂದೂ ಇರಲಿಲ್ಲ ಎಂದು ಆಮೇಲೆ ಫ್ಯೂಸು ಹೇಳಿದ.

“ಎರಡು ದಿನ ಕೊಟ್ರೆ ನಾನು ಮಾಡಿಕೊಡ್ತೀನಿ ಸಾರ್,” ಎಂದೂ ಅವನೇ ಹೊತ್ತಿಕೊಂಡ.

ಮ್ಯಾನೇಜರು ಯೋಚಿಸಿದರು. “ಹದಿನೈದು ದಿನ. ಕೋಣೆ ಸರಿ ಮಾಡಿ. ಅಷ್ಟರೊಳಗೆ ಅವರು ಕಿವಿ ತೋರಿಸ್ಕೊಂಡು ಬರಲಿ. ತಪಾಸಣೆಯವರು ಒಪ್ಪಿದ್ರೆ ನನ್ನದೇನೂ ತಕರಾರಿಲ್ಲ.” ಆಮೇಲೆ ನನ್ನನ್ನು ನೋಡಿ, “ಒಂದು ಮಾತು. ಆವತ್ತು ನೀವು ಬಾಗಿಲಲ್ಲಿ ನಿಂತು ಕೂಗಬಹುದಿತ್ತಲ್ಲ? ಒಳಗೆ ಯಾಕೆ ಹೋದ್ರಿ?”

“ಸೈರನ್ ಗಲಾಟೆ ಸಾರ್,” ಎಂದೆ.

ಅಕ್ಕ ನನ್ನ ತುಟಿ ನೋಡುತ್ತಿದ್ದಳು.

ಏಪ್ರಿಲ್ 4, ಶುಕ್ರವಾರ

ಕಿವಿ ಡಾಕ್ಟರ ಹತ್ತಿರ ಹೋಗಿದ್ದೆವು. ಹಿಂದೆ ಶಾಲೆಗೆ ಅವಳು ನನ್ನನ್ನು ಎಳೆದುಕೊಂಡು ಹೋಗುತ್ತಿದ್ದ ಹಾಗೆ ನಾನು ಎಳೆದುಕೊಂಡು ಹೋದೆ. ಗಾಜಿನ ಗೂಡಿನೊಳಗೆ ಕೂರಿಸಿ, ಸದ್ದು ಕೇಳಿದಾಗ ಗುಂಡಿ ಒತ್ತಿ ಎಂದರು. ಹೊರಗಿನಿಂದ ನೋಡುತ್ತಿದ್ದೆ. ತುಂಬಾ ಹೊತ್ತು ಒತ್ತಲಿಲ್ಲ. ಆ ಗೂಡಿನಲ್ಲಿ ಅವಳು ಇಷ್ಟೇ ಇಷ್ಟು ಕಾಣುತ್ತಿದ್ದಳು.

“ಕೆಳಗಿನ ಸ್ವರ ಒಂದಿಷ್ಟು ಉಳಿದಿವೆ, ಮೇಲಿನ ಸಣ್ಣ ಸ್ವರಗಳು ಹೋಗಿವೆ,” ಎಂದರು ಡಾಕ್ಟರು.

“ನೋಡ್ದ್ಯಾ, ದಪ್ಪ ಮಾತೆಲ್ಲ ಕೇಳಿಸುತ್ತೆ. ನೀವೇ ಸಣ್ಣಗೆ ಮಾತಾಡೋದು,” ಎಂದಳು ನನಗೆ.

ಕೋಣೆಯಲ್ಲಿ ಫ್ಯೂಸು ತಂತಿ ಜೋಡಿಸಿ ಮುಗಿಸಿದ್ದಾನೆ. ಫ್ಯಾನು ನಿಲ್ಲಿಸಿ ನೋಡಿದೆವು. ಹನ್ನೆರಡೂ ಚಾರ್ಜರು ಒಟ್ಟಿಗೆ ಬಾಯಿ ಮುಚ್ಚಿದವು. ನಾಲ್ಕು ಗೋಡೆಗಳಿಗೆ ಕೆಂಪು ದೀಪ ಬಂದಿವೆ. ಫ್ಯಾನಿನ ಬಾಯಿಗೆ ತಗಡಿನ ಕೊಳಾಯಿ ಕೂರಿಸಿ ತೊಲೆಯ ಸಂದಿಯವರೆಗೆ ಎಳೆದಿದ್ದಾನೆ. ಮೂರು ಗಂಟೆಯ ಅಳತೆ ಈಗ ಕಾಲು ಪಾಲನ್ನೂ ಮುಟ್ಟುವುದಿಲ್ಲ. ಅಕ್ಕ ಕೊಳವೆ ಹಿಡಿದು ಒಂದೊಂದೇ ಬ್ಯಾಟರಿಯ ನೀರು ಹೀರಿ, ತೇಲುವ ಬುರುಡೆಯ ಗೆರೆ ಓದುತ್ತಾಳೆ, ಪುಸ್ತಕದಲ್ಲಿ ಬರೆಯುತ್ತಾಳೆ. ಒಂಬತ್ತನೇ ಬ್ಯಾಟರಿಯ ಮೂರನೇ ಮನೆ, ಅಂದರೆ ಸೆಲ್ಲು, ಸೋಲುತ್ತಿದೆ ಎಂದು ಕೊಳವೆ ಹೇಳಿತು. “ಅದು ನನಗೆ ಎರಡು ವರ್ಷದಿಂದ ಗೊತ್ತು,” ಎಂದು ಅಕ್ಕ ಕೊಳವೆಗೆ ಹೇಳಿದಳು.

ಏಪ್ರಿಲ್ 10, ಗುರುವಾರ

ತಪಾಸಣೆಯವರು ಬಂದರು, ಏಣಿ ಹತ್ತಿದರು, ಪಟ್ಟಿಗಳ ಕೈಮುಗಿತ ನೋಡಿದರು, ಸಹಿ ಹಾಕಿದರು. ಅಕ್ಕ ಅದೇ ಕೋಣೆಯಲ್ಲಿ ಉಳಿಯುತ್ತಾಳೆ. ಮ್ಯಾನೇಜರು ನನ್ನ ಬೆನ್ನು ತಟ್ಟಿ, “ನಿಮ್ಮ ದಿನವಹಿ ಪುಸ್ತಕ ತುಂಬಾ ಅಚ್ಚುಕಟ್ಟು ಅಂತ ಹೊಗಳಿದ್ರು,” ಎಂದರು.

ಪುಸ್ತಕ ಮುಚ್ಚಿ ಕಪಾಟಿಗೆ ಹಾಕಿದೆ.

ಏಪ್ರಿಲ್ 12, ಶನಿವಾರ

ಇಂದು ಅಕ್ಕನ ಕಿವಿಯ ಯಂತ್ರ ಬಂತು. ಅಂಗಡಿಯಾಕೆ ಅದರ ಬ್ಯಾಟರಿ ತೋರಿಸಿದಳು, ಹೆಸರುಕಾಳಿಗಿಂತ ಒಂದಿಷ್ಟು ದೊಡ್ಡದು. ಅದರ ಬೆನ್ನಿಗೆ ಸಣ್ಣ ಅಂಟುಕಾಗದ.

“ಈ ಕಾಗದ ಕಿತ್ತು ಒಂದು ನಿಮಿಷ ಗಾಳಿಗೆ ಇಡಿ ಅಮ್ಮಾ. ಆಮೇಲೆ ಹಾಕ್ಕೊಳ್ಳಿ. ಗಾಳಿ ತಗೊಂಡ್ರೇನೇ ಇದು ಕೆಲಸ ಮಾಡೋದು.”

ಅಕ್ಕ ಅದನ್ನು ಅಂಗೈಯಲ್ಲಿಟ್ಟು ಕಣ್ಣಿನ ಹತ್ತಿರ ತಂದಳು. ಇಪ್ಪತ್ತಾರು ವರ್ಷದ ಅನುಭವ ಆ ಕಾಳಿನ ಮೇಲೆ ಬಗ್ಗಿತು.

“ನನ್ನ ಎಮ್ಮೆಗಳೆಲ್ಲ ಉಸಿರು ಬಿಡ್ತವೆ. ಈ ಕರು ಉಸಿರು ಎಳ್ಕೊಳ್ಳುತ್ತೆ!” ಎಂದಳು. ಒಂದು ನಿಮಿಷ ಇಡೀ ಅಂಗಡಿ ಆ ಕಾಳಿನ ಸುತ್ತ ಕಾದು ನಿಂತಿತ್ತು.

ಹಾಕಿಕೊಂಡಳು. ಹೊರಗೆ ಬಂದೆವು. ಮೆಟ್ಟಿಲ ಮೇಲೆ ನಿಂತು ಅತ್ತಿತ್ತ ನೋಡಿದಳು. ಸೈಕಲ್ಲಿನ ಚೈನು, ಯಾರದೋ ಬಳೆ, ಅವಳದೇ ಸೀರೆಯ ಸರಬರ. “ಇವೆಲ್ಲ ಇಷ್ಟು ದಿನ ಎಲ್ಲಿ ಹೋಗಿದ್ವೋ?” ಎಂದಳು. ಕಣ್ಣು ಒದ್ದೆಯಾಗಿತ್ತು, ಒರೆಸಿಕೊಳ್ಳಲಿಲ್ಲ. ಬೀದಿ ದಾಟುವಾಗ ಅಭ್ಯಾಸಬಲದಿಂದ ನಾನು ಅವಳ ಬಲಗಡೆಗೆ ಸರಿದೆ. ಆ ಕಿವಿ ಸ್ವಲ್ಪ ಚೆನ್ನಾಗಿದೆ.

ಅವಳು ನಿಂತಳು.

“ಬಲಗಿವಿ ವಾಸಿ ಅಂತ ನಿಂಗೆ ಹೇಗೆ ಗೊತ್ತೋ?”

“ಡಾಕ್ಟರು ಹೇಳಿದ್ರಲ್ಲ.”

“ನೀನು ಅದಕ್ಕೂ ಮುಂಚೆಯಿಂದ ಬಲಗಡೆಗೇ ಬರ್ತಿದ್ದೆ.” ಕಿವಿಯ ಯಂತ್ರವನ್ನು ಬೆರಳಿನಿಂದ ಮುಟ್ಟಿ ನೋಡಿಕೊಂಡಳು. ಆಮೇಲೆ, “ನಂಗೆ ಕೇಳಿಸಲ್ಲ ಅಂತ ನಿಂಗೆ ಯಾವಾಗ ಗೊತ್ತಾಯ್ತೋ?”

“ಆವತ್ತೇ ಅಕ್ಕ. ಸೈರನ್ ಕೂಗಿದ ದಿನ.”

“ಹೂಂ,” ಎಂದಳು.

ಮಹನೀಯರೇ, ಮಹಿಳೆಯರೇ,

ಇಲ್ಲಿ ಯಾರೂ ಇಲ್ಲ. ಮೊದಲ ಪುಟದಿಂದಲೂ ಯಾರೂ ಇರಲಿಲ್ಲ.

ನನಗೆ ಗೊತ್ತಾದದ್ದು ನವೆಂಬರಿನಲ್ಲಿ. ಅವಳ ಬೆನ್ನ ಹಿಂದೆ ನಿಂತು ಹೊಸ ಪ್ರಾಸವೊಂದನ್ನು ಮೂರು ಸಲ ಹೇಳಿದೆ. ‘ಸಾಕು ಮಾಡೋ’ ಎಂದು ಅವಳು ತಿರುಗಲಿಲ್ಲ. ಫ್ಯಾನು ನಿಂತಿತ್ತು. ಅದು ಎರಡು ನಿಮಿಷವಲ್ಲ, ಇಪ್ಪತ್ತು ನಿಮಿಷ. ಹೊರಗೆ ಬಂದು ಪುಸ್ತಕದಲ್ಲಿ ‘ಫ್ಯಾನ್ ಚಾಲೂ’ ಎಂದು ಬರೆದೆ. ಮರುದಿನವೂ ಬರೆದೆ. ಅವಳನ್ನು ಆ ಕೋಣೆಯಲ್ಲಿ ಉಳಿಸಲು ಬರೆದೆ, ಅವಳನ್ನು ಆ ಕೋಣೆಯೊಳಗೆ ಬಿಟ್ಟು ಬರೆದೆ. ಸೈರನ್ ಕೂಗಿದ ದಿನ ಬಾಗಿಲಲ್ಲಿ ನಿಂತು ಕೂಗಲಿಲ್ಲ, ಯಾಕೆಂದರೆ ಕೂಗಿದರೆ ಕೇಳಿಸುವುದಿಲ್ಲ ಎಂದು ಗೊತ್ತಿತ್ತು. ಈ ದಿನಚರಿಯಲ್ಲೂ ತಿಳಿಯದವನಂತೆ ಬರೆದೆ.

ಹೊಸ ಕಿವಿಯಲ್ಲಿ ಅಕ್ಕ ಕೇಳಿದ ನನ್ನ ಮೊದಲ ಸುಳ್ಳು ಇವತ್ತಿನದು.

ಸೋಮವಾರ, ಸುಳ್ಳು ಬರೆದ ಪುಟಗಳಿಗೆಲ್ಲ ಗುರುತು ಹಾಕಿ, ದಿನವಹಿ ಪುಸ್ತಕವನ್ನು ಮ್ಯಾನೇಜರ ಮೇಜಿನ ಮೇಲಿಡುತ್ತೇನೆ. ಅದಕ್ಕೂ ಮುಂಚೆ, ನಾಳೆ, ಅಕ್ಕನಿಗೆ ಹೇಳಬೇಕು. ಇಷ್ಟು ದಿನ, ಹೇಳಬೇಕೆಂದರೆ ಕಿರುಚಬೇಕಾಗುತ್ತದೆ, ಊರಿಗೆಲ್ಲ ಕೇಳುತ್ತದೆ ಎಂಬ ನೆಪವಿತ್ತು. ಈಗ ಅದೂ ಇಲ್ಲ. ಮೆಲ್ಲಗೆ ಹೇಳಿದರೂ ಕೇಳುತ್ತದೆ.